ಇಂತಿ, ನೊಂದ ಓದುಗ

ವಿನೋದನಿಗೆ ಬಹುಮಾನ ಬಂದ ಸುದ್ದಿ ಮಲ್ಲೇಶನಿಗೆ ಮುಟ್ಟಿದಾಗ ಅವನ ಬಾಯಿ ತುಂಬ ಪೇಸ್ಟಿನ ನೊರೆ ಇತ್ತು. ಉಗಿಯಬೇಕಾದದ್ದನ್ನು ನುಂಗಿಬಿಟ್ಟ. ಆ ಶುಕ್ರವಾರ ಕೆಟ್ಟದ್ದೇ ಅಲ್ಲಿಂದ.

ಕಿಟಕಿಯ ಮೇಲಿಟ್ಟಿದ್ದ ಫೋನು ಬೆಳಗ್ಗೆ ಏಳರಿಂದ ಕಟ್ಟಿಹಾಕಿದ ಟಗರಿನ ಹಾಗೆ ಗುದ್ದಾಡುತ್ತಿತ್ತು. 'ತೆಂಗಿನಗರಿ ಸಾಹಿತ್ಯ ಬಳಗ'ದ ವಾಟ್ಸಾಪ್ ಗುಂಪಿನಲ್ಲಿ ಎಂಬತ್ತಾರು ಹೂಗುಚ್ಛ, ನಲವತ್ತು ಕೈಮುಗಿತ, ಕುಣಿಯುವ ಒಂದು ನವಿಲು. ಎಲ್ಲವೂ ವಿನೋದನಿಗೆ. ಚಿತ್ರದುರ್ಗದಿಂದ ಬರುವ 'ಏಳುಸುತ್ತು' ಮಾಸಪತ್ರಿಕೆಯ ಕಥಾಸ್ಪರ್ಧೆಯಲ್ಲಿ ಅವನ 'ಮೂರನೇ ಫೇಸು' ಕತೆಗೆ ಮೊದಲ ಸ್ಥಾನ.

ವಿನೋದನೆಂದರೆ ಹೊಸದುರ್ಗದ ಬಸ್‌ಸ್ಟ್ಯಾಂಡಿನ ಹಿಂದೆ ಸುಟ್ಟುಹೋದ ಬೋರ್‌ವೆಲ್ ಮೋಟರಿಗೆ ತಾಮ್ರದ ತಂತಿ ಸುತ್ತಿಕೊಡುವವನು. ಎರಡು ವರ್ಷದ ಹಿಂದೆ ಇದೇ ಮಲ್ಲೇಶನ ಹತ್ತಿರ ಬಂದು, "ಅಣ್ಣಾ, ಕತೆ ಅಂದ್ರೆ ಎಷ್ಟು ಪುಟ ಇರ್ಬೇಕು?" ಎಂದು ಕೇಳಿದ್ದ. "ಕತೆಯನ್ನ ಪುಟದಿಂದ ಅಳೆಯಬಾರ್ದಪ್ಪ" ಎಂದು ಮಲ್ಲೇಶ ದೊಡ್ಡದಾಗಿ ಹೇಳಿ ಕಳಿಸಿದ್ದ. ಅಳೆಯದೆ ಬರೆದವನು ಗೆದ್ದ. ಹೇಳಿಕೊಟ್ಟವನು ನೊರೆ ನುಂಗಿದ.

"ಏನಾಯ್ತ್ರೀ, ಹಲ್ಲು ಬಿತ್ತಾ?" ಹೆಂಡತಿ ದಾಕ್ಷಾಯಿಣಿ ಒಲೆಯ ಮುಂದಿನಿಂದ ಕೇಳಿದಳು.

"ವಿನೋದಂಗೆ ಬಹುಮಾನ ಬಂತಂತೆ."

"ಅಯ್ಯೋ, ಒಳ್ಳೇದಾಯ್ತಲ್ರೀ! ನಮ್ಮಪ್ಪನ ತೋಟದ ಮೋಟ್ರು ಎಷ್ಟು ಚೆನ್ನಾಗಿ ಸುತ್ತಿಕೊಟ್ಟಿದ್ದ."

"ಮೋಟ್ರು ಸುತ್ತಿದ್ದಕ್ಕಲ್ಲ ಕಣೆ ಬಹುಮಾನ."

"ಅದಕ್ಕೂ ಕೊಡ್ಬೇಕಿತ್ತು ಬಿಡ್ರೀ."

ಮಲ್ಲೇಶ ಗುಂಪಿಗೆ ಒಂದು ಕೈಮುಗಿತ ಕಳಿಸಿದ. ಅದನ್ನು ಒತ್ತುವಾಗ ಅವನ ಹೆಬ್ಬೆರಳು ಚೇಳು ಮುಟ್ಟಿದಂತೆ ಹಿಂದಕ್ಕೆ ಬಂತು.

ತಾಲ್ಲೂಕು ಕಚೇರಿಯ ಕಾಂಪೌಂಡಿನ ಹೊರಗೆ ಒಂದು ಹೊಂಗೆ ಮರ. ಅದರ ಕೆಳಗೆ ಮಲ್ಲೇಶನ ಮೇಜು. ಎಸ್ಸೆಸ್ಸೆಲ್ಸಿಯ ಗಣಿತದಲ್ಲಿ ಎರಡು ಸಲ ಮುಳುಗಿ, ಮೂರನೇ ಸಲ ನೀರಿಗೇ ಇಳಿಯದೆ, ಅಲ್ಲಿ ಕೂತು ಹದಿಮೂರು ವರ್ಷದಿಂದ ಜನರಿಗೆ ಅರ್ಜಿ ಬರೆದುಕೊಡುತ್ತಿದ್ದಾನೆ. ಪಹಣಿ ತಿದ್ದುಪಡಿ, ಪಿಂಚಣಿ, ಪಡಿತರ ಚೀಟಿ. ನಡುವೆ ಯಾವ ಘಳಿಗೆಯಲ್ಲೋ ಒಂದಷ್ಟು ಕತೆ ಬರೆದು, ಅದರಲ್ಲಿ ಮೂರು ಅಚ್ಚಾಗಿ, ಮೇಜಿನ ಮುಂದಿನ ತಗಡಿನ ಮೇಲೆ 'ಅರ್ಜಿ ಬರೆದುಕೊಡಲಾಗುವುದು' ಎಂಬುದರ ಕೆಳಗೆ 'ಕತೆಗಾರ ಮಲ್ಲೇಶ್' ಎಂದು ಕೆಂಪು ಬಣ್ಣದಲ್ಲಿ ಬರೆಸಿಬಿಟ್ಟ. ಬಣ್ಣ ಒಣಗಿತು, ಜೊತೆಗೆ ಕತೆಯೂ. ಹದಿನಾಲ್ಕು ತಿಂಗಳಿಂದ ಒಂದು ಸಾಲಿಲ್ಲ. ಹೆಸರು, ವಯಸ್ಸು, ವಾಸ ಎಂಬ ಮೂರು ಬಿಟ್ಟು ನಾಲ್ಕನೆಯ ಮಾತು ಪೆನ್ನಿನಿಂದ ಇಳಿಯಲೊಲ್ಲದು.

ಹಾಗಂತ ಸುಮ್ಮನಿರುವಂತೆಯೂ ಇರಲಿಲ್ಲ. 'ಏಳುಸುತ್ತು' ಸಂಪಾದಕ ರಾಜಶೇಖರ್ ಹೋದ ವಾರವಷ್ಟೇ ಫೋನು ಮಾಡಿದ್ದರು. "ಯುಗಾದಿ ಸಂಚಿಕೆಯಲ್ಲಿ ಒಂದೇ ಒಂದು ಕತೆಗೆ ಜಾಗ ಉಳಿದಿದೆ ಮಲ್ಲೇಶ್. ಶುಕ್ರವಾರ ಹೊಸದುರ್ಗಕ್ಕೆ ಬರ್ತೀನಿ. ಕೈಗೆ ಕತೆ ಕೊಡಿ. ಇಲ್ಲದಿದ್ರೆ ಇನ್ನು ನಿಮ್ಮನ್ನ ಕೇಳೋದಿಲ್ಲ." ಆ ಶುಕ್ರವಾರವೇ ಇದು.

ಮೇಜು ಒರೆಸುವ ಮೊದಲು ಮಲ್ಲೇಶ ಎದುರಿನ ನಾಗಣ್ಣನ ಚಹಾ ಅಂಗಡಿಗೆ ಹೋದ. ಅದು ಅವನ ದಿನದ ಎರಡನೇ ತಪ್ಪು.

"ಬರ್ರಿ ಕತೆಗಾರ್ರೇ, ಕುಂತ್ಕಳ್ರಿ. ವಿನೋದ ಹೊಡದೇ ಬಿಟ್ನಲ್ಲ! ನಿಮ್ದು ಯಾವಾಗ?"

"ಬರ್ತೈತೆ ನಾಗಣ್ಣ. ಒಳಗೆ ಮಾಗ್ತಾ ಐತೆ."

"ಹದಿನಾಲ್ಕು ತಿಂಗ್ಳು ಮಾಗಿದ್ರೆ ಕೊಳ್ತು ಹೋಗಿರ್ತೈತೆ ನೋಡ್ರಿ. ಇದು ಮಲಬದ್ಧತೆ ಇದ್ದಂಗೆ. ಬೆಳಗ್ಗೆ ಎದ್ದು ಎರಡು ಚೆಂಬು ಬಿಸಿನೀರು ಕುಡೀರಿ. ಇಲ್ಲ ಅಂದ್ರೆ ಎಲ್ಲಾದ್ರೂ ತಣ್ಣನೆ ಜಾಗಕ್ಕೆ ಹೋಗಿ ಕುಂತು ಬರ್ರಿ."

ಮಲ್ಲೇಶ ತಣ್ಣನೆ ಜಾಗಕ್ಕೂ ಹೋಗಿ ಬಂದಿದ್ದ. ಹಿಂದಿನ ತಿಂಗಳು ಬಸ್ಸು ಹತ್ತಿ ಚಂದ್ರವಳ್ಳಿಗೆ ಹೋಗಿ, ಗುಹೆಯ ಮುಂದಿನ ಬಂಡೆಯ ಮೇಲೆ ಹೊಸ ನೋಟ್‌ಬುಕ್ಕು, ಒಂದು ಪೊಟ್ಟಣ ಮಂಡಕ್ಕಿ ಇಟ್ಟುಕೊಂಡು ಸ್ಫೂರ್ತಿಗಾಗಿ ಕಾದಿದ್ದ. ಬಂದದ್ದು ಕೋತಿ. ಮೊದಲು ಮಂಡಕ್ಕಿ ತಿಂದಿತು. ಆಮೇಲೆ ನೋಟ್‌ಬುಕ್ಕು ಬಿಡಿಸಿ, ಎರಡು ಖಾಲಿ ಹಾಳೆ ತಿರುವಿ, ಮಲ್ಲೇಶನ ಮುಖವನ್ನೊಮ್ಮೆ ನೋಡಿ, ಅದನ್ನು ಬಂಡೆಯ ಕೆಳಗೆ ಎಸೆದು ಹೋಯಿತು. ಹಿಂದೆ ಅವನ ಕತೆಗಳನ್ನು ಸಂಪಾದಕರು ವಾಪಸು ಕಳಿಸುವಾಗ ಒಂದು ಚೀಟಿಯನ್ನಾದರೂ ಇಡುತ್ತಿದ್ದರು.

ಚಹಾ ಅರ್ಧಕ್ಕೆ ಬಿಟ್ಟು ಮೇಜಿಗೆ ಬರುವಷ್ಟರಲ್ಲಿ ಅಲ್ಲಿ ಸ್ಕೂಟರು ನಿಂತಿತ್ತು. ಬಳಗದ ಅಧ್ಯಕ್ಷ, ನಿವೃತ್ತ ಹೆಡ್‌ಮಾಸ್ಟರು ಏಕಾಂತಪ್ಪ ಮೊಣಕೈಗೆ ಹೆಲ್ಮೆಟ್ಟು ನೇತುಹಾಕಿಕೊಂಡು ನಿಂತಿದ್ದರು.

"ಏನಪ್ಪ ಮಲ್ಲೇಶ, ಸಂಪಾದಕ್ರು ರಾಜಶೇಖರ್ ಹೆಂಗೂ ಇವತ್ತು ಬರ್ತಾವ್ರೆ, ಸಾಯಂಕಾಲ ಐದಕ್ಕೆ ಗುರುಭವನದಾಗೆ ವಿನೋದಂಗೆ ಅವ್ರ ಕೈಲೇ ಸನ್ಮಾನ. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲಾ ಆಗೈತೆ. ಬಿನ್ನವತ್ತಳೆ ಒಂದು ನೀನು ಬರ್ಕೊಡ್ಬೇಕು."

ಬಿನ್ನವತ್ತಳೆಯೆಂದರೆ ಸನ್ಮಾನ ಮಾಡಿಸಿಕೊಳ್ಳುವವನನ್ನು ಸೂರ್ಯನ ಪಕ್ಕಕ್ಕೆ ಏರಿಸಿ, ಗಾಜು ಹಾಕಿಸಿ, ಕಟ್ಟಿನೊಳಗೆ ಕೂರಿಸಿ ಕೊಡುವ ಹೊಗಳಿಕೆ ಪತ್ರ. ಅದನ್ನು ವೇದಿಕೆಯ ಮೇಲೆ ಓದುತ್ತಾರೆ. ಬರೆದವನ ಹೆಸರು ಅದರಲ್ಲಿ ಇರುವುದಿಲ್ಲ.

"ನಾನೇ ಯಾಕೆ ಸಾರ್?" ಎಂದ ಮಲ್ಲೇಶ.

"ಇನ್ಯಾರು ಅವ್ರೆ ಹೇಳು? ಬಳಗದೋರೆಲ್ಲ ಏನಾದ್ರೂ ಬರೆಯಾದ್ರಾಗೆ ಮುಳುಗವ್ರೆ. ಬಿಡುವಾಗಿರೋನು ನೀನೊಬ್ನೇ. ಮೂರು ಗಂಟೆ ಒಳಗೆ ಕೊಡು, ಕಟ್ಟು ಹಾಕೋನು ಕಾಯ್ತಿರ್ತಾನೆ."

ಸ್ಕೂಟರು ಹೋಯಿತು. ಮಲ್ಲೇಶ ಬಿಳಿ ಹಾಳೆ ತೆಗೆದು 'ಕನ್ನಡದ ಹೆಮ್ಮೆಯ ಕುವರ' ಎಂದು ಬರೆದ. ಹೊಟ್ಟೆಯೊಳಗೆ ಯಾರೋ ಮೆಣಸಿನಕಾಯಿ ಒಗ್ಗರಣೆ ಹಾಕಿದಂತಾಯಿತು. ಹೊಡೆದುಹಾಕಿದ. 'ಹೊಸದುರ್ಗದ ಹೊಸ ಬೆಳಕು' ಎಂದು ಬರೆದ. ಅದನ್ನೂ ಹೊಡೆದುಹಾಕಿದ. ಹನ್ನೊಂದು ಗಂಟೆಯ ಹೊತ್ತಿಗೆ ಮೇಜಿನ ಕೆಳಗೆ ಉಂಡೆ ಮಾಡಿದ ಹಾಳೆಗಳು ಕೋಳಿ ಮೊಟ್ಟೆ ಇಟ್ಟಂತೆ ಬಿದ್ದಿದ್ದವು.

ಆಗ ಬಂದಳು ದ್ಯಾಮಮ್ಮ. ಕುರಿ ಸಾಕುವ ಮನೆಯ ಅಜ್ಜಿ, ಹೊಸದುರ್ಗದಿಂದ ಎರಡು ಹರದಾರಿ ಆಚೆಯ ಹಳ್ಳಿ. ಬಂದವಳೇ ಸೆರಗು ಬಿಗಿದುಕೊಂಡು ಎದುರಿಗೆ ಕೂತಳು.

"ಅರ್ಜಿ ಬರಿಯಪ್ಪ. ದನದ ಡಾಕ್ಟ್ರಿಗೆ."

"ಏನು ವಿಷಯ ಅಜ್ಜಿ?"

"ನಮ್ಮ ವಾರಗಿತ್ತಿ ಚಿತ್ತಮ್ಮನ ಟಗರಿಗೆ ಜಾನುವಾರು ಪ್ರದರ್ಶನದಾಗೆ ಫಸ್ಟ್ ಪ್ರೈಜು ಕೊಟ್ಟವ್ರೆ. ಹಾರ ಬೇರೆ ಹಾಕವ್ರೆ, ಅದ್ಕೂ ಅವ್ಳಿಗೂ. ಆ ಟಗರಿಗೆ ಅಪ್ಪ ಯಾವ್ದು? ನಮ್ ಟಗರು! ಕೊಂಬು ನೋಡಿದ್ರೆ ಕೂಸಿಗೂ ಗೊತ್ತಾಗ್ತೈತೆ. ಹುಟ್ಟಿಸಿದ್ದು ನಮ್ದು, ಹಾರ ಹಾಕಿಸ್ಕಂಡಿದ್ದು ಅವ್ಳು. ಬರಿ!"

ಮಲ್ಲೇಶ ಬರೆಯತೊಡಗಿದ. ದ್ಯಾಮಮ್ಮ ನಿಲ್ಲಲಿಲ್ಲ. ಚಿತ್ತಮ್ಮ ಮದುವೆಯಾಗಿ ಬಂದ ದಿನದಿಂದ ಹಿಡಿದು, ಅವಳು ಒಲೆಗೆ ಊದುವ ರೀತಿ, ಕುರಿಗೆ ಸೊಪ್ಪು ಕೊಯ್ಯುವ ರೀತಿ, ಹಾರ ಹಾಕಿಸಿಕೊಳ್ಳುವಾಗ ಕತ್ತು ಮುಂದೆ ಚಾಚಿದ ರೀತಿ, ಒಂದರ ಹಿಂದೊಂದು. ಮೂರು ಪುಟ ತುಂಬಿತು. ಎಲ್ಲೂ ತಡವರಿಕೆಯಿಲ್ಲ, ಎಲ್ಲೂ ಹೊಡೆದುಹಾಕಿದ್ದಿಲ್ಲ. ಮಲ್ಲೇಶನಿಗೆ ಅಸೂಯೆಯಾಯಿತು. ಈ ಅಜ್ಜಿಗೆ ಅಕ್ಷರವೇ ಬರುವುದಿಲ್ಲ.

"ಇಷ್ಟು ಮಾತು ಎಲ್ಲಿಂದ ಬರ್ತಾವೆ ಅಜ್ಜಿ ನಿಂಗೆ?"

"ನಾಕು ದಿನದಿಂದ ಹೊಟ್ಟೆ ಉರೀತೈತಪ್ಪ. ಹೊಟ್ಟೆ ಉರಿಯಾವಾಗ ಮಾತು ಹುಡುಕ್ಕಂಡು ಹೋಗ್ತಾರೇನು? ನೀನೇನು, ಹೊಟ್ಟೆ ತಣ್ಣಗೆ ಇಟ್ಕಂಡು ಬರೀತೀಯಾ?"

ಹೆಬ್ಬೆಟ್ಟು ಒತ್ತಿ, ಅರ್ಜಿ ಮಡಚಿ ರವಿಕೆಯೊಳಗೆ ಇಟ್ಟುಕೊಂಡು ದ್ಯಾಮಮ್ಮ ಹೋದಳು. ಮಲ್ಲೇಶ ಅವಳು ಹೋದ ದಾರಿಯನ್ನೇ ನೋಡುತ್ತ ಕೂತ. ಬೆಳಗ್ಗೆಯಿಂದ ತನ್ನ ಹೊಟ್ಟೆಯಲ್ಲಿ ಒಂದು ಮದುವೆಗಾಗುವಷ್ಟು ಬೆಂಕಿ ಉರಿಯುತ್ತಿದೆ. ಅದರ ಮೇಲೆ ಒಂದು ಪಾತ್ರೆಯನ್ನೂ ಇಟ್ಟಿಲ್ಲ!

ಮತ್ತೆ ಆ 'ಮೂರನೇ ಫೇಸು' ಕತೆಗೆ ಅಪ್ಪ ಯಾರು? ಹಳ್ಳಿಗೆ ತ್ರೀ ಫೇಸ್ ಕರೆಂಟು ಬರುವುದನ್ನು ಕಾಯುವ ಜನರ ಕತೆ ಅದು. ಎರಡು ವರ್ಷದ ಹಿಂದೆ ನಾಗಣ್ಣನ ಅಂಗಡಿಯಲ್ಲಿ, "ಈ ಕರೆಂಟಿನ ಮೇಲೆ ಯಾರಾದ್ರೂ ಒಂದು ಕತೆ ಬರೀಬೇಕು ಕಣ್ರಯ್ಯ" ಎಂದವನು ಯಾರು? ಮಲ್ಲೇಶ! ಪಕ್ಕದಲ್ಲಿ ಬನ್ನು ಅದ್ದಿಕೊಂಡು ಕೂತಿದ್ದವನು ಯಾರು? ವಿನೋದ! ಕೊಂಬು ನೋಡಿದರೆ ಗೊತ್ತಾಗುತ್ತದೆ.

ಮಲ್ಲೇಶ ಹೊಸ ಹಾಳೆ ಎಳೆದುಕೊಂಡ. ಬಿನ್ನವತ್ತಳೆ ಮರೆತುಹೋಯಿತು. ಪೆನ್ನು ತಾನಾಗಿ 'ಮಾನ್ಯ ಸಂಪಾದಕರಿಗೆ' ಎಂದು ಬರೆಯಿತು. ಅದು ಮೂಗರ್ಜಿ. ತಾನ್ಯಾರೆಂದು ಹೇಳದೆ, ಸಹಿ ಹಾಕದೆ ಇನ್ನೊಬ್ಬನ ಮೇಲೆ ದೂರು ಹೇಳುವ ಕಾಗದ. ಬೇರೆಯವರಿಗಾಗಿ ಅಂಥವನ್ನು ಎಷ್ಟೋ ಬರೆದಿದ್ದ. ಸ್ವಂತಕ್ಕೆ ಇದೇ ಮೊದಲು.

'ವಿಷಯ: ಮೋಟರು ಸುತ್ತುವ ವಿನೋದ್ ಎಂಬುವರು ಅನ್ಯರ ಕತೆಗೆ ಬಹುಮಾನ ಪಡೆದಿರುವ ಬಗ್ಗೆ.

ಉಲ್ಲೇಖ: ಎರಡು ವರ್ಷದ ಹಿಂದೆ ನಾಗಣ್ಣನವರ ಅಂಗಡಿಯಲ್ಲಿ ಕುಡಿದ ಚಹಾ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರುವುದೇನೆಂದರೆ, ಸದರಿ ಕತೆಗೆ ತಂದೆ ಬೇರೆ ಇದ್ದಾರೆ. ಅವರು ಹೊಂಗೆ ಮರದ ಕೆಳಗೆ ಕೂರುವ ಮಲ್ಲೇಶ್ ಎಂಬ ನಿಜವಾದ ಪ್ರತಿಭೆ. ಸದರಿ ಮಲ್ಲೇಶ್‌ರವರು ಈ ಕತೆಯನ್ನು ಬರೆದಿಲ್ಲವೆಂಬುದು ಸತ್ಯ. ಆದರೆ ಬರೆಯುವವರಿದ್ದರು. ಒಬ್ಬರು ಬರೆಯುವವರಿದ್ದ ಕತೆಯನ್ನು ಇನ್ನೊಬ್ಬರು ಬರೆದುಬಿಡುವುದು ಕಳ್ಳತನವಲ್ಲದೆ ಮತ್ತೇನು ಸ್ವಾಮಿ?'

ಮಲ್ಲೇಶನ ಬೆನ್ನಿನಲ್ಲಿ ಬೆವರು ಹರಿಯಿತು. ಹದಿನಾಲ್ಕು ತಿಂಗಳ ಮೇಲೆ ಮೊದಲ ಸಲ ಕೈ ಮುಂದೆ, ತಲೆ ಹಿಂದೆ ಓಡುತ್ತಿತ್ತು. ಯಾರೋ ಪಿಂಚಣಿ ಕಾಗದ ಹಿಡಿದು ಬಂದರು. "ನಾಳೆ ಬರ್ರಿ!" ಎಂದು ಅಟ್ಟಿದ.

'ಸದರಿಯವರು ಹದಿನಾಲ್ಕು ತಿಂಗಳಿಂದ ಏನೂ ಬರೆಯದಿರುವುದು ಸೋಮಾರಿತನವಲ್ಲ, ತಯಾರಿ. ವಾಪಸು ಬಂದ ಕತೆಗಳನ್ನು ಅವರು ಮನೆಯ ರಾಗಿ ಡಬ್ಬದಲ್ಲಿ ಇಟ್ಟಿರುತ್ತಾರೆ. ರಾಗಿಗೆ ಹುಳು ಬಿದ್ದರೂ ಆ ಕತೆಗಳನ್ನು ಹುಳು ಮುಟ್ಟಿಲ್ಲ. ಅವುಗಳ ಶುದ್ಧತೆಗೆ ಇದಕ್ಕಿಂತ ಸಾಕ್ಷಿ ಬೇಕೆ?'

ತನ್ನ ಮೇಲೆ ಅನುಮಾನ ಬರಬಾರದೆಂದು ತನ್ನದೇ ಒಂದೆರಡು ದೋಷವನ್ನೂ ಸೇರಿಸಿದ. 'ಮಲ್ಲೇಶ್‌ರವರ ಮುಂದಲೆ ಬೋಳಾಗುತ್ತಿದೆ, ಸ್ವಲ್ಪ ಸಿಡುಕರು ಎಂಬುದನ್ನು ಅಲ್ಲಗಳೆಯಲಾಗದು.' ಏಳು ಪುಟ. ಕೊನೆಗೆ: 'ಆದ್ದರಿಂದ ಬಹುಮಾನ ರದ್ದುಪಡಿಸಿ, ಯುಗಾದಿ ಸಂಚಿಕೆಯ ಜಾಗವನ್ನು ನಿಜವಾದ ಪ್ರತಿಭೆಗೆ ಕೊಡಬೇಕಾಗಿ ಪ್ರಾರ್ಥನೆ. ಇಂತಿ, ನೊಂದ ಓದುಗ.'

ಓದಿ ನೋಡಿದ. ಒಂದಕ್ಷರ ತಿದ್ದುವಂತಿರಲಿಲ್ಲ. ಅವನು ಹುಟ್ಟಿದಾಗಿನಿಂದ ಇಷ್ಟು ಚೆನ್ನಾಗಿ ಏನನ್ನೂ ಬರೆದಿರಲಿಲ್ಲ.

ಆದರೆ ಅವನ ಕೈಬರಹ ಇಡೀ ತಾಲ್ಲೂಕಿಗೆ ಗೊತ್ತು, ರಾಜಶೇಖರರಿಗೂ ಗೊತ್ತು. ಎದ್ದು ರಸ್ತೆ ದಾಟಿ ಬರಗೇರಮ್ಮ ಡಿಟಿಪಿ ಸೆಂಟರಿಗೆ ಹೋದ. ಅಲ್ಲಿ ಕಾವ್ಯಶ್ರೀ ಕೀಬೋರ್ಡಿನ ಮೇಲೆ ಅವರೆಕಾಳು ಉದುರಿಸಿದಂತೆ ಟೈಪು ಮಾಡುತ್ತಾಳೆ. ಊರಿನ ಲಗ್ನಪತ್ರಿಕೆ, ತಿಥಿಪತ್ರಿಕೆ, ಕತೆ, ಕವಿತೆ ಎಲ್ಲ ಅವಳ ಬೆರಳಿನಿಂದಲೇ ಹೊರಡಬೇಕು.

"ಅರ್ಜೆಂಟು ಕಾವ್ಯ. ಇದನ್ನ ಟೈಪ್ ಮಾಡಿ 'ಏಳುಸುತ್ತು'ಗೆ ಮೇಲ್ ಮಾಡ್ಬೇಕು."

ಕಾವ್ಯಶ್ರೀ ಮೊದಲ ಪುಟಕ್ಕೇ ಕಿಸಕ್ಕೆಂದಳು. ಎರಡನೇ ಪುಟಕ್ಕೆ ದುಪಟ್ಟಾ ಬಾಯಿಗೆ ಹಿಡಿದಳು. ಮಲ್ಲೇಶನ ಕಿವಿ ಕೆಂಪಗಾಯಿತು. "ನಗೋದು ಏನೈತಮ್ಮ ಅದ್ರಾಗೆ? ಅದು ಗಂಭೀರ ವಿಷಯ."

"ಯಾರ್ದಣ್ಣ ಇದು?"

"ಒಬ್ರು ಪಾರ್ಟೀದು. ಜವನಗೊಂಡನಹಳ್ಳಿ ಕಡೆಯೋರು."

"ಅಲ್ಲಿಯೋರಿಗೆ ನಿಮ್ಮನೆ ರಾಗಿ ಡಬ್ಬ ಹೆಂಗೆ ಗೊತ್ತು?"

"ಕೆಲವ್ರಿಗೆ ಎಲ್ಲಾ ಗೊತ್ತಿರ್ತೈತೆ. ನೀನು ಸುಮ್ನೆ ಟೈಪ್ ಮಾಡು."

"ಕೆಳಗೆ ಹೆಸ್ರು?"

"ಹೆಸರಿಲ್ಲ. 'ನೊಂದ ಓದುಗ' ಅಷ್ಟೇ. ಮತ್ತೆ, ನಾನು ತಂದುಕೊಟ್ಟೆ ಅಂತ ಯಾರ ಮುಂದೂ ಹೇಳ್ಬೇಡ."

ಅಷ್ಟರಲ್ಲಿ ಏಕಾಂತಪ್ಪನವರ ಫೋನು. "ಎಲ್ಲಪ್ಪ ಬಿನ್ನವತ್ತಳೆ? ಎರಡೂವರೆ ಆತು!"

ಮಲ್ಲೇಶ ಅಲ್ಲೇ ಬೆಂಚಿನ ಮೇಲೆ ಕೂತ. ಕೈ ಇನ್ನೂ ಬಿಸಿಯಾಗಿತ್ತು. ಬೈಗುಳ ಹರಿದ ನಲ್ಲಿಯಿಂದಲೇ ಹೊಗಳಿಕೆಯೂ ಹರಿಯಿತು. ಹೇಗೂ ಸಾಯಂಕಾಲದೊಳಗೆ ಬಹುಮಾನ ರದ್ದಾಗುತ್ತದೆ, ಅಲ್ಲಿಯವರೆಗೆ ಹೊಗಳಿದರೆ ಏನು ಹೋಯಿತು? ಅಲ್ಲದೆ ಎಷ್ಟು ಹೊಗಳಿದರೆ ಅನುಮಾನ ಅಷ್ಟು ದೂರ. 'ತಾಮ್ರದ ತಂತಿಯಲ್ಲಿ ಕನ್ನಡದ ಮಿಂಚು ಹರಿಸಿದವರೇ' ಎಂದು ಶುರುಮಾಡಿ ಹದಿನೈದು ನಿಮಿಷದಲ್ಲಿ ಮುಗಿಸಿದ. ಕಾವ್ಯಶ್ರೀ ಅದನ್ನೂ ಟೈಪು ಮಾಡಿಕೊಟ್ಟಳು. ಕಟ್ಟು ಹಾಕುವವನಿಗೆ ಕೊಟ್ಟು ಮಲ್ಲೇಶ ಮನೆಗೆ ಹೋಗಿ, ಕನ್ನಡಿಯ ಮುಂದೆ ನಿಂತು ಆಶ್ಚರ್ಯದ ಮುಖ ಅಭ್ಯಾಸ ಮಾಡಿದ. 'ಹೌದಾ? ವಿನೋದನಾ? ಛೆ, ಛೆ.'

ಐದಕ್ಕೆ ಗುರುಭವನ ತುಂಬಿತ್ತು. ಮಲ್ಲೇಶ ಮೂರನೇ ಸಾಲಿನಲ್ಲಿ ಕೂತ, ಪಕ್ಕದಲ್ಲಿ ದಾಕ್ಷಾಯಿಣಿ. ರಾಜಶೇಖರರ ಕಾರು ಬಂತು. ಅವರು ಇಳಿದಾಗ ಕೈಯಲ್ಲಿ ಫೋನು, ಕಣ್ಣು ಕೆಂಪು. ಕರ್ಚೀಫಿನಿಂದ ಕಣ್ಣೊರೆಸಿಕೊಂಡರು. ಮೋಸ ಹೋದ ಸಂಪಾದಕನ ಕಣ್ಣೀರು ಅಂದುಕೊಂಡ ಮಲ್ಲೇಶ. ಒಂದು ಕ್ಷಣ ಪಾಪ ಅನಿಸಿತು. ರಾಜಶೇಖರ್ ವಿನೋದನನ್ನು ನೋಡಿ, ಏನೋ ಹೇಳಲು ಬಾಯಿ ತೆರೆದು, ಆಗದೆ ಅವನ ಭುಜ ಮಾತ್ರ ಹಿಡಿದು ಅಲ್ಲಾಡಿಸಿದರು. ಪಾಪ ಅನಿಸಿದ್ದು ಹೋಗಿ ಹಾಲು ಕುಡಿದಂತಾಯಿತು.

ಮೊದಲು ಬಿನ್ನವತ್ತಳೆ. ಏಕಾಂತಪ್ಪ ರಾಗವಾಗಿ ಓದಿದರು. ಸಾಲು ಸಾಲಿಗೂ ಚಪ್ಪಾಳೆ. ದಾಕ್ಷಾಯಿಣಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಎಷ್ಟು ಚೆಂದ ಬರೆದವ್ರೆ ನೋಡ್ರೀ!"

"ಬರ್ದಿದ್ದು ನಾನು ಕಣೆ."

"ಸುಮ್ನಿರ್ರೀ, ಕೇಳಿಸ್ಕಳಾಣ."

ಶಾಲು ಹೊದಿಸಿದರು. ಹಾರ ಹಾಕುವಾಗ ವಿನೋದ ಕತ್ತು ಮುಂದೆ ಚಾಚಿದ. ಥೇಟು ಚಿತ್ತಮ್ಮ. ಆಮೇಲೆ ರಾಜಶೇಖರ್ ಮೈಕಿನ ಮುಂದೆ ಬಂದು ಗಂಟಲು ಸರಿಮಾಡಿಕೊಂಡರು.

"ಇವತ್ತು ಕಾರಿನಲ್ಲಿ ಬರ್ತಾ, ಹೊಳಲ್ಕೆರೆ ದಾಟಿದ ಮೇಲೆ ನನ್ನ ಫೋನಿಗೆ ಒಂದು ಮೇಲ್ ಬಂತು. ಓದ್ತಾ ಓದ್ತಾ ಡ್ರೈವರಿಗೆ ಗಾಡಿ ಪಕ್ಕಕ್ಕೆ ಹಾಕು ಅಂದೆ. ಅದು ವಿನೋ‌ದ್ ಅವರ ಮೇಲೆ ಬಂದ ಮೂಗರ್ಜಿ."

ಮಲ್ಲೇಶ ಆಶ್ಚರ್ಯದ ಮುಖ ಹಾಕಿದ.

"ಇವರ ಕತೆ ಇವರದಲ್ಲವಂತೆ. ಬಹುಮಾನ ರದ್ದು ಮಾಡ್ಬೇಕಂತೆ. ನನ್ನ ಎದೆ ಧಸಕ್ ಅಂತು. ಕೊನೆಗೆ ಕೆಳಗೆ ಬರೆದವರ ಹೆಸರು ನೋಡ್ತೀನಿ..."

ಮಲ್ಲೇಶನ ಆಶ್ಚರ್ಯ ಈಗ ನಿಜವಾಯಿತು. ಹೆಸರು? ಯಾವ ಹೆಸರು? ಬಾಗಿಲು ಎಷ್ಟು ದೂರವಿದೆ ಎಂದು ಓರೆಗಣ್ಣಿನಲ್ಲಿ ನೋಡಿದ.

"...ವಿನೋದ್!" ಎಂದರು ರಾಜಶೇಖರ್. "ಸ್ವತಃ ವಿನೋದ್! ತನ್ನ ಮೇಲೆ ತಾನೇ ಮೂಗರ್ಜಿ! ಅರ್ಜಿಯ ರೂಪದಲ್ಲೇ ಒಂದು ಹಾಸ್ಯ ಕತೆ! ನಕ್ಕು ನಕ್ಕು ನನ್ನ ಕಣ್ಣು ನೋಡ್ರಿ ಹೆಂಗಾಗಿದೆ."

ಅವರು ಫೋನು ನೋಡಿಕೊಂಡು ಓದತೊಡಗಿದರು. 'ಉಲ್ಲೇಖ: ನಾಗಣ್ಣನವರ ಅಂಗಡಿಯಲ್ಲಿ ಕುಡಿದ ಚಹಾ' ಎಂಬಲ್ಲಿಗೆ ಹಿಂದಿನ ಸಾಲಿನಿಂದ ನಾಗಣ್ಣ ಎದ್ದು ನಿಂತು, "ನಮ್ಮ ಚಾ ಕಣ್ರೋ! ನಮ್ಮ ಚಾ!" ಎಂದು ಕೂಗಿದ. 'ಬರೆದಿಲ್ಲವೆಂಬುದು ಸತ್ಯ, ಆದರೆ ಬರೆಯುವವರಿದ್ದರು' ಎಂಬಲ್ಲಿಗೆ ಸಭೆ ಕುರ್ಚಿಯ ಸಮೇತ ಅಲ್ಲಾಡಿತು. 'ಮುಂದಲೆ ಬೋಳಾಗುತ್ತಿದೆ' ಎಂದಾಗ ನೂರೈವತ್ತು ತಲೆಗಳು ಒಟ್ಟಿಗೆ ಮೂರನೇ ಸಾಲಿಗೆ ತಿರುಗಿದವು. ಏಕಾಂತಪ್ಪನವರಿಗೆ ನೀರು ಕುಡಿಸಬೇಕಾಯಿತು.

ದಾಕ್ಷಾಯಿಣಿ ಮಾತ್ರ ನಗಲಿಲ್ಲ. "ರೀ, ನಮ್ಮ ರಾಗಿಗೆ ಹುಳು ಬಿದ್ದಿದ್ದು ವಿನೋದಂಗೆ ಹೆಂಗ್ರೀ ಗೊತ್ತಾಯ್ತು? ನಾನು ಅಮ್ಮಂಗೂ ಹೇಳಿರ್ಲಿಲ್ಲ."

ವೇದಿಕೆಯ ಮೇಲೆ ವಿನೋದ ಬಾಯಿ ತೆರೆದುಕೊಂಡು ಕೂತಿದ್ದ. ಜನ ಅದನ್ನು ವಿನಯ ಎಂದುಕೊಂಡರು.

"ಹೊಟ್ಟೆಕಿಚ್ಚಿನ ಮನುಷ್ಯನ ಹೊಟ್ಟೆಯೊಳಗೇ ಇಳಿದು ಬರೆದಿದ್ದಾರೆ," ಎಂದರು ರಾಜಶೇಖರ್. "ಯುಗಾದಿ ಸಂಚಿಕೆಯಲ್ಲಿ ಒಂದು ಜಾಗ ಇಟ್ಟಿದ್ದೆ. ಅದು ಈ ಕತೆಗೇ."

ಮಲ್ಲೇಶ ಎದ್ದು ನಿಂತ. ಅವನಿಗೇ ಗೊತ್ತಿಲ್ಲದೆ ನಿಂತುಬಿಟ್ಟಿದ್ದ. "ಸಾರ್, ಅದು..."

ಅದು ನನ್ನದು ಅನ್ನಬೇಕು. ಆದರೆ ವಿನೋದ ಬರೆದರೆ ಅದು ಕತೆ, ಮಲ್ಲೇಶ ಬರೆದರೆ ಅದು ಮೂಗರ್ಜಿ. ಕತೆಗಾದರೆ ಚಪ್ಪಾಳೆ. ಮೂಗರ್ಜಿಗೆ ಏನು ಸಿಗುತ್ತದೆಂದು ಹದಿಮೂರು ವರ್ಷದಿಂದ ಬರೆದುಕೊಟ್ಟವನಿಗೆ ಚೆನ್ನಾಗಿ ಗೊತ್ತಿತ್ತು.

"ಅದು... ಬಹಳ ಚೆನ್ನಾಗಿದೆ ಸಾರ್."

"ನೋಡ್ರಿ, ಇದು ದೊಡ್ಡತನ!" ಎಂದರು ರಾಜಶೇಖರ್. "ಬೇಜಾರಾಗ್ಬೇಡಿ ಮಲ್ಲೇಶ್. ನೀವು ಬರೀದಿದ್ರೂ ಪಾತ್ರವಾಗಿದ್ದೀರಿ." ಏಕಾಂತಪ್ಪ ಹಣ್ಣಿನ ಬುಟ್ಟಿಯಿಂದ ಒಂದು ಮೋಸಂಬಿ ತೆಗೆದು ಮೂರನೇ ಸಾಲಿಗೆ ಕಳಿಸಿದರು. ಕೈಯಿಂದ ಕೈಗೆ ದಾಟಿ ಬಂದ ಆ ಮೋಸಂಬಿಯನ್ನು ಹಿಡಿದುಕೊಂಡು ಮಲ್ಲೇಶ ಕೂತ.

ಸಭೆ ಮುಗಿದದ್ದೇ ತಡ, ಹೊರಗೆ ಚಪ್ಪಲಿ ಹುಡುಕುತ್ತಿದ್ದ ಕಾವ್ಯಶ್ರೀಯನ್ನು ಹಿಡಿದ. "ಹೆಸರು ಹಾಕ್ಬೇಡ ಅಂದಿರ್ಲಿಲ್ವೇನಮ್ಮ?"

"ಹೆಸರಿಲ್ಲದ ಬರಹ ಅವ್ರು ಓದಲ್ಲಣ್ಣ, ಪತ್ರಿಕೆಯಾಗೇ ಹಾಕವ್ರೆ. ನಿಮ್ಮ ಪಾರ್ಟಿ ಕೆಲಸ ಕೆಡಬಾರ್ದಲ್ಲ. ಯಾರಿರಬಹುದು ಅಂತ ಯೋಚ್ನೆ ಮಾಡ್ದೆ. 'ಮೂರನೇ ಫೇಸು' ಟೈಪ್ ಮಾಡಿದ್ದೂ ನಾನೇ ತಾನೇ? ವಿನೋದಣ್ಣಂದು ಮೇಲ್ ಐಡಿ, ವಿಳಾಸ, ಫೋಟೊ ಎಲ್ಲಾ ನಮ್ಮ ಕಂಪ್ಯೂಟರ್‌ನಾಗೇ ಅವೆ. ಅದ್ರಿಂದಾನೇ ಕಳಿಸ್ದೆ." ಅವಳು ದನಿ ತಗ್ಗಿಸಿದಳು. "ನಿಮ್ಮ ಕೈಲಿ ಗುಟ್ಟಾಗಿ ಕಳಿಸಿದ್ರಲ್ಲ, ಅವ್ರ ಸಂಕೋಚ ನಂಗೆ ಆಗ್ಲೇ ಗೊತ್ತಾತು. ತನ್ನನ್ನ ತಾನೇ ಅಷ್ಟು ಬೈಕಂಡು ಬರೆಯೋ ದೊಡ್ಡ ಮನಸ್ಸು ಈ ಊರಾಗೆ ಇನ್ಯಾರಿಗೈತೆ ಹೇಳ್ರಿ?"

ಮಲ್ಲೇಶ ಮೋಸಂಬಿಯನ್ನು ಎಷ್ಟು ಜೋರಾಗಿ ಹಿಂಡಿದನೆಂದರೆ ರಸ ಮೊಣಕೈವರೆಗೆ ಇಳಿಯಿತು. ಒಂದೇ ದಿನ ಎರಡು ಬರೆದ. ಎರಡೂ ಗೆದ್ದವು. ಎರಡೂ ವಿನೋದನ ಮನೆಗೆ ಹೋದವು, ಒಂದಕ್ಕೆ ಗಾಜು ಬೇರೆ.

"ಮಲ್ಲೇಶಣ್ಣ!" ಗುರುಭವನದ ಹಿಂದೆ ಬೈಕಿನ ಹತ್ತಿರ ವಿನೋದ ನಿಂತಿದ್ದ. ಶಾಲು ಇನ್ನೂ ಹೆಗಲ ಮೇಲಿತ್ತು. "ಒಂದ್ನಿಮಿಷ ಬರ್ರಣ್ಣ. ನಮ್ಮವ್ವನಾಣೆ, ಅದನ್ನ ಬರ್ದಿದ್ದು ನಾನಲ್ಲ."

"ಮತ್ತೆ ಸ್ಟೇಜ್ ಮೇಲೆ ಯಾಕೆ ಬಾಯಿ ಬಿಡ್ಲಿಲ್ಲ?"

"ಶಾಲು ಹೊದಿಸಿಬಿಟ್ಟಿದ್ರಲ್ಲಣ್ಣ. ಹೊದ್ಕಂಡ ಮೇಲೆ ಇಲ್ಲ ಅನ್ನಾಕಾಗ್ತೈತಾ? ಯಾರು ಬರೆದ್ರೋ ಪುಣ್ಯಾತ್ಮರು, ಗೊತ್ತಿಲ್ಲ. ಈಗ ಕಷ್ಟಕ್ಕೆ ಸಿಕ್ಕಂಡೀನಿ. ಸಾಹೇಬ್ರು ಇಂಥದ್ದೇ ತಿಂಗ್ಳಿಗೊಂದು ಕೊಡು ಅಂದ್ರು, ಹ್ಞೂಂ ಅಂದ್ಬಿಟ್ಟೆ. ನಂಗೆ ಆ 'ಮೂರನೇ ಫೇಸು' ಆದ್ಮೇಲೆ ಒಂದು ಸಾಲೂ ಹುಟ್ಟಿಲ್ಲಣ್ಣ. ಹಾಳೆ ಮುಂದೆ ಕುಂತ್ರೆ ಕರೆಂಟು ಹೋದಂಗೆ ಆಗ್ತೈತೆ. ಅರ್ಜಿ ಬರೆಯೋ ಮಟ್ಟು ನಿಮಗೆ ಗೊತ್ತು. ಒಂದಿಷ್ಟು ಹೇಳಿಕೊಡ್ರಿ."

ಬೆಳಗ್ಗೆ ನುಂಗಿದ ನೊರೆಯೆಲ್ಲ ಮಲ್ಲೇಶನ ಬಾಯಿಗೆ ಬಂತು. ಕಣ್ಣು ಮುಚ್ಚಿದ. "ಲೇ ವಿನೋದ! ಮಾನಗೆಟ್ಟ ಸುಟ್ಟ ಮೋಟ್ರೇ! ಹುಟ್ಟಿಸಿದ್ದು ನಾನು, ಹಾರ ಹಾಕಿಸ್ಕಂಡಿದ್ದು ನೀನು! ಬನ್ನು ಅದ್ದಿಕೊಂಡು ಕುಂತಿದ್ದೋನು ನನ್ನ ಕತೆ ಅದ್ದಿಕೊಂಡು ಹೋದೆ! ನಿನ್ನ ಶಾಲಿಗೆ ನುಸಿ ಹತ್ತ! ನಿನ್ನ ಬಿನ್ನವತ್ತಳೆ ಗಾಜಿಗೆ ಗೆದ್ಲು ಹಿಡಿಯ! ನೀನು ಕತ್ತು ಚಾಚಿದ್ದ ನೋಡಿ ಆ ಹಾರಕ್ಕೇ ನಾಚಿಕೆ ಆಗಿ ಎರಡು ಹೂವು ಉದುರಿದ್ವು..."

ಮಾತು ಒಂದರ ಬೆನ್ನಿಗೊಂದು ಬಂದವು. ಹುಡುಕಬೇಕಾಗಲಿಲ್ಲ, ತಡವರಿಸಬೇಕಾಗಲಿಲ್ಲ. ಬೈಯುತ್ತ ಬೈಯುತ್ತ ಮಲ್ಲೇಶನಿಗೆ ಮೈ ಹಗುರವಾಯಿತು. ಉಸಿರು ತೆಗೆದುಕೊಳ್ಳಲು ನಿಂತು ಕಣ್ಣು ಬಿಟ್ಟ.

ವಿನೋದ ಬೈಕಿನ ಸೀಟಿನ ಮೇಲೆ ಆಹ್ವಾನ ಪತ್ರಿಕೆಯನ್ನು ಬೆನ್ನು ಮೇಲೆ ಮಾಡಿ ಇಟ್ಟುಕೊಂಡು, ನಾಲಿಗೆ ಕಚ್ಚಿ, ಸರಸರ ಬರೆದುಕೊಳ್ಳುತ್ತಿದ್ದ.

"ಸ್ವಲ್ಪ ನಿಧಾನಕ್ಕೆ ಬೈರಣ್ಣ," ಎಂದ ತಲೆ ಎತ್ತದೆ. "ಗೆದ್ಲು ಹಿಡಿಯ ಆದ್ಮೇಲೆ ಏನಂದ್ರಿ?"